ಠೇವಣಿ ಎಂದು ಬರೆಯಬೇಡಿ, ಬಾಕಿ ಎಂದೂ ಬರೆಯಬೇಡಿ

ಕ್ರಿಪ್ಟೊ ಆ್ಯಪ್‌ಗಳ ಪರದೆಗೆ ಕನ್ನಡ ಬರೆಯುತ್ತಿರುವ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಹುಡುಗ ಹುಡುಗಿಯರಿಗೆ,



ಪುಣೆಯಲ್ಲಿ, ಬೆಂಗಳೂರಿನಲ್ಲಿ ಕೂತು ನೀವು ಮಾಡಿದ ಪದಪಟ್ಟಿ ಕೈಯಿಂದ ಕೈಗೆ ದಾಟಿ ನನ್ನ ಮೇಜಿನ ಮೇಲೂ ಬಂದಿದೆ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ, ಅಲ್ಲಲ್ಲಿ ಪ್ರಶ್ನೆ ಚಿಹ್ನೆ. ‘ಕಾಕಾ, ನಮ್ಮ ಮಂದಿಗೆ ತಿಳೀತೈತೇನು ನೋಡ್ರಿ’ ಎಂದು ಕೇಳಿದ್ದೀರಿ. ಉತ್ತರವನ್ನು ನಿಮಗಷ್ಟೇ ಬರೆಯದೆ ಹತ್ತು ಮಂದಿ ಓದುವಂತೆ ಬರೆಯುತ್ತಿದ್ದೇನೆ. ಒಂದು ಆ್ಯಪಿನ ಪದವನ್ನು ಇನ್ನೊಂದು ಆ್ಯಪಿನವರು ಎತ್ತಿಕೊಳ್ಳುತ್ತಾರೆ, ನಾಲ್ಕು ವರ್ಷ ಕಳೆದರೆ ಅದೇ ರೂಢಿ. ಆಮೇಲೆ ತಿದ್ದಲು ಹೋದವನೇ ತಪ್ಪಿತಸ್ಥ.

ನನಗೆ ಕಂಪ್ಯೂಟರ್ ವಿದ್ಯೆ ಗೊತ್ತಿಲ್ಲ. ಅಕ್ಕಲಕೋಟೆಯ ಒಂದು ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಕಿರ್ದಿ, ಖಾತೆವಹಿ ಬರೆದು ನಿವೃತ್ತನಾದವನು ನಾನು. ರೊಕ್ಕ ಇಡಲು ಬಂದವರು ಕೌಂಟರಿನ ಈ ಕಡೆಗೆ ಬಗ್ಗಿ ಏನು ಕೇಳುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಮೂರೇ ಪ್ರಶ್ನೆ: ಇದು ಕೊಡೂದೋ ತಗೊಳ್ಳೂದೋ? ಎಷ್ಟು ಕಡೀತೀರಿ? ನಾಳೆ ಏನರೆ ಆದ್ರ ಯಾರನ್ನ ಕೇಳಬೇಕು? ನಿಮ್ಮ ಪಟ್ಟಿಯನ್ನು ಈ ಮೂರು ಪ್ರಶ್ನೆ ಮುಂದಿಟ್ಟುಕೊಂಡೇ ಓದಿದೆ.

ಬಿಟ್‌ಕಾಯಿನ್ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ, ನೀವು ನಗುತ್ತೀರಿ. ಆದರೆ ಕಾನೂನು ಅದನ್ನು ನಿಷೇಧಿಸಿಲ್ಲ. ಬ್ಯಾಂಕುಗಳು ಇದರ ಹತ್ತಿರ ಹೋಗಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. 2022ರಿಂದ ಸರಕಾರ ತೆರಿಗೆಯನ್ನೂ ಎತ್ತುತ್ತಿದೆ. ದುಧನಿಯ ಹುಡುಗನೂ ಕೊಳ್ಳುತ್ತಾನೆ, ಮೈಂದರ್ಗಿಯ ಹುಡುಗಿಯೂ ಕೊಳ್ಳುತ್ತಾಳೆ. ಕೊಳ್ಳುವ ಮಂದಿ ಇದ್ದ ಮೇಲೆ ಅವರು ಒತ್ತುವ ಗುಂಡಿಯ ಮೇಲೆ ಏನು ಬರೆದಿದೆ ಎಂಬುದು ಎಲ್ಲರ ವಿಷಯ.

ಮೊದಲ ತಕರಾರು ಇದು. ನೀವು ಪದ ಸುಲಭವಾಗಿರಬೇಕೆಂದು ಬಹಳ ಶ್ರಮಪಟ್ಟಿದ್ದೀರಿ. ಆದರೆ ಸುಲಭವಾದದ್ದೆಲ್ಲ ಸ್ಪಷ್ಟವಲ್ಲ. ‘ಡೆಪಾಸಿಟ್’ ಎಂಬಲ್ಲಿ ‘ಠೇವಣಿ ಇಡಿ’ ಎಂದು ಬರೆದಿದ್ದೀರಿ. ನಮ್ಮ ಸೀಮೆಯಲ್ಲಿ ಅದಕ್ಕಿಂತ ಸುಲಭದ ಮಾತಿಲ್ಲ; ಮರಾಠಿಯ ಠೇವ್ ಕೂಡ ಅದೇ, ಕೂಸಿಗೂ ತಿಳಿಯುತ್ತದೆ. ತೊಡಕು ಇರುವುದು ಅದರಲ್ಲೇ. ಠೇವಣಿ ಎಂದರೆ ಬರೇ ರೊಕ್ಕ ಇಡುವುದಲ್ಲ, ಇಟ್ಟುಕೊಂಡವನು ಉತ್ತರ ಕೊಡಬೇಕು ಎಂಬ ಕರಾರು ಆ ಮಾತಿನೊಳಗೇ ಇದೆ.

ಸೊಲ್ಲಾಪುರದ ಲಕ್ಷ್ಮಿ ಕೋ-ಆಪರೇಟಿವ್ ಬ್ಯಾಂಕಿನ ಲೈಸೆನ್ಸನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದ್ದು ನಿಮಗೆ ನೆನಪಿರಬಹುದು. ಊರಲ್ಲಿ ಗಾಬರಿಯಾಯಿತು. ಆದರೆ ಠೇವಣಿ ವಿಮಾ ನಿಗಮದಿಂದ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಖಾತರಿ ಇತ್ತು. ಸುಮಾರು 99 ಪ್ರತಿಶತ ಠೇವಣಿದಾರರಿಗೆ ಪೂರ್ತಿ ಮೊತ್ತ ಸಿಗುವುದೆಂದು ರಿಸರ್ವ್ ಬ್ಯಾಂಕೇ ಹೇಳಿತು. ಬ್ಯಾಂಕು ಮುಳುಗಿದರೂ ಠೇವಣಿ ಎಂಬ ಮಾತು ಮುಳುಗಲಿಲ್ಲ. (ನಾನು ಕೆಲಸ ಮಾಡಿದಂಥ ಪತಸಂಸ್ಥೆಗಳಿಗೆ ಆ ವಿಮೆ ಇಲ್ಲ. ಅದನ್ನು ನಮ್ಮ ಕೌಂಟರಿನ ಮೇಲೆ ದಪ್ಪ ಅಕ್ಷರದಲ್ಲಿ ಯಾರೂ ಬರೆದು ಹಾಕುವುದಿಲ್ಲ, ಅದು ಬೇರೆ ಪತ್ರದ ಮಾತು.)

ಈಗ ಇನ್ನೊಂದು ಕಡೆ ನೋಡಿ. 2024ರ ಜುಲೈ 18ರಂದು ವಝೀರ್‌ಎಕ್ಸ್ ಎಂಬ ನಮ್ಮ ದೇಶದ ದೊಡ್ಡ ಕ್ರಿಪ್ಟೊ ಪೇಟೆಯಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಟೋಕನ್‌ಗಳು ಕಳುವಾದವು. ರೊಕ್ಕ ಹಿಂದಕ್ಕೆ ತೆಗೆಯುವುದು ನಿಂತಿತು. ಪರಿಹಾರದ ಯೋಜನೆ ನಡೆದದ್ದು ಸಿಂಗಾಪುರದ ಕೋರ್ಟಿನಲ್ಲಿ. ಆ ಪೇಟೆಯಲ್ಲಿ ರೊಕ್ಕ ಇಟ್ಟಿದ್ದ ಸಾಮಾನ್ಯರು ಅದನ್ನು ತಮ್ಮ ‘ವ್ಯಾಲೆಟ್’ ಎಂದೇ ತಿಳಿದಿದ್ದರು, ಟೋಕನ್ ತೆಗೆಯುವ ಚಾವಿ ಮಾತ್ರ ಬೇರೆಯವರ ಕೈಯಲ್ಲಿ. ಮೂರನೆಯ ಪ್ರಶ್ನೆಗೆ, ಅಂದರೆ ಯಾರನ್ನು ಕೇಳಬೇಕು ಎಂಬುದಕ್ಕೆ, ‘ಸಿಂಗಾಪುರಕ್ಕೆ ಹೋಗಿ ಕೇಳ್ರಿ’ ಎಂಬ ಉತ್ತರ ಬರುವ ಜಾಗದಲ್ಲಿ ಠೇವಣಿ ಎಂಬ ಮಾತು ಕೂರಬಾರದು. ‘ಆ್ಯಪಿಗೆ ರೊಕ್ಕ ಹಾಕಿ’ ಎಂದು ಬರೆಯಿರಿ. ಒಡ್ಡೊಡ್ಡಾಗಿ ಕೇಳುತ್ತದೆ, ಕೇಳಲಿ. ಅದರಲ್ಲಿ ಸುಳ್ಳು ಭರವಸೆ ಇಲ್ಲ. ಹಾಗೆಯೇ ಚಾವಿ ಬಳಕೆದಾರನ ಕೈಯಲ್ಲಿದ್ದರೆ ‘ನಿಮ್ಮ ಚಾವಿ’, ಕಂಪನಿಯ ಕೈಯಲ್ಲಿದ್ದರೆ ‘ಕಂಪನಿ ಇಟ್ಟುಕೊಂಡ ಚಾವಿ’. ಎರಡನ್ನೂ ಒಂದೇ ‘ವ್ಯಾಲೆಟ್’ ಎಂಬ ಹೆಸರಿನಡಿ ಕೂಡಿಸುವುದು ಇಂಗ್ಲಿಷಿನವರು ಮಾಡಿದ ಗೋಜಲು. ಅದನ್ನು ನಾವು ಹೊತ್ತು ತರಬೇಕಾಗಿಲ್ಲ.

ನನ್ನ ಈ ಹಠ ಹೊಸದೇನಲ್ಲ. ಭಾರತದ ಜಾಹೀರಾತು ಮಾನಕ ಮಂಡಳಿ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಲ್ಲಿ ಕ್ರಿಪ್ಟೊ ಜಾಹೀರಾತುಗಳು ಬಳಸಬಾರದ ಇಂಗ್ಲಿಷ್ ಮಾತುಗಳನ್ನು ಹೆಸರಿಸಿಯೇ ಹೇಳಿದೆ: ಕರೆನ್ಸಿ, ಸೆಕ್ಯುರಿಟೀಸ್, ಕಸ್ಟೋಡಿಯನ್, ಡಿಪಾಸಿಟರೀಸ್. ಜನ ಈ ಮಾತು ಕೇಳಿದೊಡನೆ ಇದರ ಹಿಂದೆ ನಿಯಂತ್ರಕರಿದ್ದಾರೆ ಎಂದು ನಂಬುತ್ತಾರೆ, ಅದಕ್ಕೆ ಬೇಡ ಎಂಬುದು ಮಂಡಳಿ ಕೊಟ್ಟ ಕಾರಣ. ಆ ನಿಯಮ ಜಾಹೀರಾತಿಗೆ. ಆ್ಯಪಿನ ಒಳಗಿನ ಗುಂಡಿಗೆ ಯಾರು ಕಾವಲು? ಇಂಗ್ಲಿಷ್ ಪರದೆಯಿಂದ ‘ಕರೆನ್ಸಿ’ ತೆಗೆದು, ಕನ್ನಡದ ಪರದೆಯಲ್ಲಿ ‘ಡಿಜಿಟಲ್ ನಾಣ್ಯ’ ಎಂದು ಬರೆದರೆ ಹಿಡಿಯುವವರಿಲ್ಲ. ನಿಮ್ಮ ಪಟ್ಟಿಯ ಮೂರನೆಯ ಸಾಲಿನಲ್ಲೇ ಅದಿದೆ.

ನಾಣ್ಯ ಎಂಬುದಕ್ಕೆ ನಮ್ಮ ಗಡಿಸೀಮೆಯಲ್ಲಿ ಒಂದು ಚರಿತ್ರೆಯೇ ಇದೆ. ನಿಮಗೆ ಶಾಲೆಯಲ್ಲಿ ಹೇಳಿರಲಿಕ್ಕಿಲ್ಲ. ಅಕ್ಕಲಕೋಟೆ ಭೋಸಲೆಯವರ ಸಂಸ್ಥಾನವಾಗಿತ್ತು, ಸೊಲ್ಲಾಪುರ ಬ್ರಿಟಿಷರದು, ಆಚೆ ಆಳಂದ, ಅಫಜಲಪುರ, ತುಳಜಾಪುರ ನಿಜಾಮರದು. ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ ಎಂದು ಹೆಸರು, ಬ್ರಿಟಿಷರದಕ್ಕೆ ಕಲದಾರ. ಎರಡೂ ಬೆಳ್ಳಿಯೇ, ಎರಡೂ ರೂಪಾಯಿಯೇ, ಆದರೆ ಸುಮಾರು ಏಳು ಹಾಲಿ ಕೊಟ್ಟರೆ ಆರು ಕಲದಾರ. ಆಳಂದದ ಸಂತೆಗೆ ದನ ಮಾರಲು ಹೋದವನು ‘ನೂರು ರೂಪಾಯಿ’ ಎಂದಷ್ಟೇ ಹೇಳಿದರೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಯಾವ ರೂಪಾಯಿ ಎಂದು ಹೇಳಲೇಬೇಕಿತ್ತು, ಯಾಕೆಂದರೆ ಹೆಸರಿನಲ್ಲೇ ಯಾವ ಸರಕಾರ ಬೆನ್ನಿಗಿದೆ ಎಂಬುದು ಇತ್ತು. 1950ರ ದಶಕದಲ್ಲಿ ಹಾಲಿ ಚಲಾವಣೆಯಿಂದ ಹೋಯಿತು.

ಈಗ ಮತ್ತೆ ಎರಡು ಬಂದಿವೆ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ತನ್ನದೇ ಡಿಜಿಟಲ್ ರೂಪಾಯಿಯನ್ನು ಸಾಮಾನ್ಯರ ಬಳಕೆಗಾಗಿ ಪ್ರಯೋಗಕ್ಕೆ ಬಿಟ್ಟಿತು. ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರು, ಮುಂಬಯಿ ಇದ್ದವು. ಅದು ಸರಕಾರದ ರೊಕ್ಕ, ನೋಟಿನಷ್ಟೇ ಗಟ್ಟಿ. ಬಿಟ್‌ಕಾಯಿನ್‌ನ ಬೆನ್ನಿಗೆ ಯಾವ ಸರಕಾರವೂ ಇಲ್ಲ. ಹಾಗಿರುವುದೇ ಅದರ ಹೆಮ್ಮೆ ಎಂದು ಅದರ ಭಕ್ತರೇ ಹೇಳುತ್ತಾರೆ. ‘ಡಿಜಿಟಲ್ ರೂಪಾಯಿ’, ‘ಡಿಜಿಟಲ್ ನಾಣ್ಯ’ ಎರಡನ್ನೂ ಒಂದೇ ಫೋನಿನಲ್ಲಿ ನೋಡಿದ ಮುದುಕಿ ಎರಡೂ ಒಂದೇ ಮನೆಯವು ಎಂದುಕೊಂಡರೆ ಅವಳ ತಪ್ಪೇನು? ಬಿಟ್‌ಕಾಯಿನ್‌ಗೆ ಬಿಟ್‌ಕಾಯಿನ್ ಎಂದೇ ಬರೆಯಿರಿ. ಎಲ್ಲವನ್ನೂ ಕೂಡಿಸಿ ಹೇಳಬೇಕಾದಲ್ಲಿ ‘ಕ್ರಿಪ್ಟೊ’ ಸಾಕು. ಅರ್ಥವಾಗದ ಹೆಸರು ಕೆಲವು ಸಲ ಉಪಕಾರ ಮಾಡುತ್ತದೆ: ಇದು ನನಗೆ ಗೊತ್ತಿಲ್ಲದ ವಸ್ತು ಎಂದು ಮನುಷ್ಯ ಎರಡು ಸಲ ಕೇಳುತ್ತಾನೆ. ‘ಗುಪ್ತ ನಾಣ್ಯ’ ಎಂದು ಬರೆದವರೂ ಇದ್ದಾರೆ. ಅದನ್ನು ಕೇಳಿದರೆ ಹೊಲದಲ್ಲಿ ನಿಧಿ ಸಿಕ್ಕಂತಾಗುತ್ತದೆ.

ಇನ್ನು ನಮ್ಮ ಸೀಮೆಯ ಸ್ವಂತ ತೊಡಕು. ಬೆಂಗಳೂರಿನ ಕನ್ನಡದಿಂದ ಎತ್ತಿಕೊಂಡ ಪದಗಳು ಇಲ್ಲಿ ತಿರುಗುಮುರುಗಾಗುತ್ತವೆ. ‘ಪಾವತಿ’ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಪಾವತಿ ಎಂದರೆ ಕೊಡುವುದು. ಮರಾಠಿಯಲ್ಲಿ ಅದು ರಸೀದಿ, ಸೊಲ್ಲಾಪುರದ ಕನ್ನಡಿಗರ ಬಾಯಲ್ಲೂ ರಸೀದಿಯೇ. ರೊಕ್ಕ ಕಟ್ಟಿದ ಮೇಲೆ ‘ಪಾವತಿ ಕೊಡ್ರಿ’ ಎಂದು ಕೈಚಾಚುವ ಮಂದಿ ನಾವು. ಈಗ ಪರದೆಯ ಮೇಲೆ ‘ಪಾವತಿ ಬೇಕೇ? ಇಲ್ಲಿ ಒತ್ತಿ’ ಎಂದು ಬಂದರೆ ರಸೀದಿ ಬಂತೆಂದು ಒತ್ತಿ ರೊಕ್ಕ ಕಳಿಸಿಬಿಡುತ್ತಾರೆ. ಮೊದಲ ಪ್ರಶ್ನೆ, ಕೊಡೂದೋ ತಗೊಳ್ಳೂದೋ, ಅಲ್ಲೇ ಕೆಟ್ಟಿತು. ‘ಕಳಿಸಿ’, ‘ತರಿಸಿಕೊಳ್ಳಿ’ ಎಂದು ಬರೆದರೆ ಯಾವ ಗಡಿಯಲ್ಲೂ ತಿರುಗದ ಮಾತುಗಳು. ರಸೀದಿಗೆ ರಸೀದಿ.

‘ಪೆಂಡಿಂಗ್’ ಎಂಬುದಕ್ಕೆ ‘ಬಾಕಿ ಇದೆ’ ಎಂದಿದ್ದೀರಿ. ಬಾಕಿ ಎಂದರೆ ಸಾಲ. ಪತಸಂಸ್ಥೆಯ ನೋಟೀಸಿನಲ್ಲಿ ಆ ಮಾತು ಕಂಡು ರಾತ್ರಿ ನಿದ್ದೆಗೆಟ್ಟವರನ್ನು ನಾನು ಕಂಡಿದ್ದೇನೆ. ‘ನಿಮ್ಮ ವಹಿವಾಟು ಬಾಕಿ ಇದೆ’ ಎಂದು ಓದಿ, ಇನ್ನೂ ಕಟ್ಟಬೇಕೇನೋ ಎಂದು ಎರಡನೆಯ ಸಲ ಕಳಿಸುವವರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲಾದರೆ ಹೋಗಿ ಅರ್ಜಿ ಕೊಡಬಹುದು, ಇಲ್ಲಿ ಹೋದದ್ದು ಹೋಯಿತು. ‘ಕಳಿಸಿದ್ದೀರಿ, ಇನ್ನೂ ಮುಟ್ಟಿಲ್ಲ, ಮತ್ತೆ ಕಳಿಸಬೇಡಿ’ ಎಂದು ಉದ್ದಕ್ಕೆ ಬರೆಯಿರಿ. ಜಾಗ ಸಾಲದು ಎನ್ನುತ್ತೀರಿ. ಆ ಬಣ್ಣಬಣ್ಣದ ಗೆರೆಯ ಚಿತ್ರ ಸ್ವಲ್ಪ ಸಣ್ಣ ಮಾಡಿದರೆ ಜಾಗ ಬರುತ್ತದೆ. ‘ಬ್ಯಾಲೆನ್ಸ್’ ಎಂಬುದಕ್ಕೆ ‘ಶೇಷ’ ಬೇಡ; ಶಿಲ್ಕು ಎಂಬ ಮಾತು ಮರಾಠಿಗೂ ಕನ್ನಡಕ್ಕೂ ಕೂಡಿಯೇ ಇದೆ, ಇಲ್ಲವೇ ಬ್ಯಾಲೆನ್ಸ್ ಎಂದೇ ಇರಲಿ.

‘ಖಾಸಗಿ ಕೀಲಿ’ಯದು ಇನ್ನೂ ದೊಡ್ಡ ತಮಾಷೆ. ಪಠ್ಯಪುಸ್ತಕದ ಕನ್ನಡದಲ್ಲಿ ಕೀಲಿ ಎಂದರೆ ಬೀಗ ತೆಗೆಯುವ ಸಾಧನ. ನಮ್ಮಲ್ಲಿ ಬೀಗಕ್ಕೇ ಕೀಲಿ ಎನ್ನುತ್ತೇವೆ, ‘ಬಾಗಲಾಗ ಕೀಲಿ ಹಾಕು’ ಎನ್ನುತ್ತೇವೆ, ತೆಗೆಯುವುದು ಕೀಲಿಕೈ ಅಥವಾ ಚಾವಿ. ‘ನಿಮ್ಮ ಖಾಸಗಿ ಕೀಲಿಯನ್ನು ಯಾರಿಗೂ ತೋರಿಸಬೇಡಿ’ ಎಂದರೆ ಬೀಗವನ್ನು ತೋರಿಸಿದರೆ ಏನು ಮಹಾ ಎಂದು ಕೇಳುತ್ತಾರೆ. ಬೀಗ ಇರುವುದೇ ಊರಿಗೆ ಕಾಣಲಿಕ್ಕೆ. ‘ಚಾವಿ’ ಎಂದು ಬರೆದರೆ ಕನ್ನಡದ ಮನೆಗೂ ಮರಾಠಿ ಮನೆಗೂ, ಸೊಲ್ಲಾಪುರದ ಪೂರ್ವಭಾಗದ ತೆಲುಗು ನೇಕಾರರ ಮನೆಗೂ ಒಂದೇ ಸಲಕ್ಕೆ ಮುಟ್ಟುತ್ತದೆ.

ಇದನ್ನು ಓದಿ ನಿಮ್ಮ ಮೇಲಿನ ಸಂಪಾದಕರು ‘ಇದು ಶುದ್ಧ ಕನ್ನಡವಲ್ಲ’ ಎನ್ನಬಹುದು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಓದಿದ್ದು ಮರಾಠಿ ಶಾಲೆಯಲ್ಲಿ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅವರೇ, ಹಾಗೆ ಆದ ಮೊದಲ ಹೆಣ್ಣುಮಗಳು. ಅದನ್ನು ಹೇಳಿ ಸುಮ್ಮನಾಗಿರಿ. ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬಾಳುವುದು ಇಲ್ಲಿ ಈಗಲೂ ಸಾಮಾನ್ಯ. ಇದರಿಂದ ನಿಮ್ಮ ಕೆಲಸಕ್ಕೆ ಬರುವ ಪರಿಣಾಮ ಒಂದಿದೆ. ಇಲ್ಲಿ ಬಹಳ ಮನೆಗಳಲ್ಲಿ ಮಾತು ಕನ್ನಡ, ಅಕ್ಷರ ದೇವನಾಗರಿ. ಪರದೆಯನ್ನು ಒಬ್ಬರು ಓದುತ್ತಾರೆ, ರೊಕ್ಕ ಇನ್ನೊಬ್ಬರದು. ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದ ಮಾತನ್ನು ಕೇಳಿ ಅಜ್ಜಿ ಹೂಂ ಎನ್ನುತ್ತಾಳೆ. ಬಿಟ್‌ಕಾಯಿನ್ ಕಟ್ಟಿದವರು ಕಣ್ಣಿನ ಬಗ್ಗೆ ಬಹಳ ಯೋಚಿಸಿದ್ದರು: ಹಳೆಯ ಮಾದರಿಯ ವಿಳಾಸದಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಇವನ್ನು ಬಳಸಲೇ ಇಲ್ಲ, ಒಂದರಂತೆ ಒಂದು ಕಾಣುತ್ತವೆ ಎಂದು. ಕಿವಿಯ ಬಗ್ಗೆ ನೀವು ಅಷ್ಟು ಯೋಚಿಸಿ. ‘ದೃಢೀಕರಿಸಿ’, ‘ದೃಢೀಕರಣಗೊಂಡಿದೆ’, ‘ದೃಢೀಕರಣ ಅಗತ್ಯ’ ಮೂರನ್ನೂ ಬೇಗಬೇಗ ಓದಿ ಕೇಳಿಸಿಕೊಳ್ಳಿ. ಮೊದಲನೆಯದರಲ್ಲಿ ಇನ್ನೂ ರೊಕ್ಕ ಹೋಗಿಲ್ಲ, ಎರಡನೆಯದರಲ್ಲಿ ಹೋಗಿ ಮುಟ್ಟಿದೆ, ಮೂರನೆಯದು ಏನೋ ದೇವರಿಗೇ ಗೊತ್ತು.

ಈಗ, ಫೋನ್ ಕಳೆದರೆ ಚಾವಿ ಮರಳಿ ಪಡೆಯಲೆಂದು ಆ್ಯಪು ಬರೆದಿಟ್ಟುಕೊಳ್ಳಲು ಕೊಡುವ ಹನ್ನೆರಡು ಶಬ್ದಗಳ ವಿಷಯ. ನೀವು ಅದನ್ನು ‘ಬೀಜ ನುಡಿಗಟ್ಟು’ ಎಂದಿದ್ದೀರಿ. ಇಂಗ್ಲಿಷಿನವರು ಸೀಡ್ ಎಂದರು, ಅದರಿಂದ ಎಲ್ಲ ಚಾವಿಗಳು ಮೊಳೆಯುತ್ತವೆ ಎಂಬ ಅರ್ಥದಲ್ಲಿ. ಜೋಳದ ಸೀಮೆಯವರಿಗೆ ಬೀಜ ಎಂದರೆ ನೆರೆಯವನು ಕೇಳಿದರೆ ಕೊಡಬೇಕಾದದ್ದು. ಬೀಜ ಕೇಳಿದವನಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಸಣ್ಣತನ. ಇಲ್ಲಿ ಮಾತ್ರ ಕೇಳಿದವನೇ ಕಳ್ಳ! ನುಡಿಗಟ್ಟು ಎಂದರೆ ಮೂಗು ತೂರಿಸು, ಕಣ್ಣು ಕೆಂಪಾಗು ಎಂಬಂಥದು. ಅದಂತೂ ಪೂರ್ತಿ ತಪ್ಪು. ‘ಮೂಲ ಚಾವಿ: 12 ಶಬ್ದ’ ಎಂದು ಬರೆಯಿರಿ, ಕೆಳಗೆ ಎರಡೇ ಸಾಲು: ‘ಈ ಶಬ್ದ ಗೊತ್ತಿದ್ದವರು ನಿಮ್ಮ ಎಲ್ಲ ರೊಕ್ಕ ತೆಗೆಯಬಹುದು. ನಮ್ಮ ಕಂಪನಿಯವರೂ ಇದನ್ನು ಎಂದೂ ಕೇಳುವುದಿಲ್ಲ.’

ಅದರ ಜೊತೆಗೆ ಒಂದು ಕಷ್ಟ ಇದೆ, ಅದನ್ನು ಬರೇ ಪದದಿಂದ ಪರಿಹರಿಸಲಾಗದು. ಆ ಶಬ್ದಗಳು ಬರುವುದು 2048 ಶಬ್ದಗಳ ಒಂದು ಗೊತ್ತಾದ ಪಟ್ಟಿಯಿಂದ. ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಶ್, ಚೀನಿ, ಫ್ರೆಂಚ್, ಇಟಾಲಿಯನ್, ಝೆಕ್, ಪೋರ್ಚುಗೀಸ್ ಪಟ್ಟಿಗಳಿವೆ. ನಮ್ಮ ದೇಶದ ಒಂದು ಭಾಷೆಯೂ ಅದರಲ್ಲಿಲ್ಲ. ಹಾಗಾಗಿ ಕನ್ನಡದ ಪರದೆಯಲ್ಲೂ ಆ ಹನ್ನೆರಡು ಇಂಗ್ಲಿಷಿನಲ್ಲೇ ಬರುತ್ತವೆ. ಅವನ್ನು ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದು ಕೊಡೋಣ ಎಂಬ ಸಲಹೆ ನಿಮ್ಮ ಟಿಪ್ಪಣಿಯಲ್ಲಿದೆ. ದಯವಿಟ್ಟು ಬೇಡ. ಉಚ್ಚಾರವನ್ನಷ್ಟೇ ಬರೆದಿಟ್ಟುಕೊಂಡವನು ನಾಳೆ ಫೋನ್ ಕಳೆದರೆ ಮತ್ತೆ ಅದೇ ಇಂಗ್ಲಿಷ್ ಕಾಗುಣಿತಕ್ಕೆ ಹೋಗಲಾರ. ಆ ಪಟ್ಟಿಯಲ್ಲಿ ಯಾವ ಎರಡು ಶಬ್ದಗಳ ಮೊದಲ ನಾಲ್ಕು ಅಕ್ಷರವೂ ಒಂದೇ ಇಲ್ಲ. ಇದನ್ನು ಬಳಸಿಕೊಳ್ಳಿ. ನಾಲ್ಕು ನಾಲ್ಕೇ ಅಕ್ಷರ, ಚೌಕದೊಳಗೆ, ದೊಡ್ಡದಾಗಿ, ಕ್ರಮಸಂಖ್ಯೆಯೊಂದಿಗೆ. ಇಂಗ್ಲಿಷ್ ಓದಲು ಬಾರದವರೂ ಚಿತ್ರ ನಕಲು ಮಾಡಿದಂತೆ ನಕಲು ಮಾಡಿಕೊಳ್ಳಬಲ್ಲರು.

ಖರ್ಚಿನ ಮಾತು, ಎರಡನೆಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಹತ್ತಿರದ್ದು. ಎಥೀರಿಯಮ್ ಎಂಬ ಇನ್ನೊಂದು ಕ್ರಿಪ್ಟೊ ಜಾಲದವರು ಸಾಗಣೆಯ ಖರ್ಚಿಗೆ ಗ್ಯಾಸ್ ಎನ್ನುತ್ತಾರೆ. ನೀವು ‘ಗ್ಯಾಸ್ ಶುಲ್ಕ’ ಎಂದು ಬರೆದಿದ್ದೀರಿ. ಗ್ಯಾಸ್ ಎಂದರೆ ಅಡುಗೆಮನೆಯ ಸಿಲಿಂಡರ್, ಇಲ್ಲವೇ ಹೊಟ್ಟೆಯುಬ್ಬರ. ಇದಕ್ಕೆ ಹೊಸ ಪದ ಹುಡುಕಲು ನೀವು ಶಬ್ದಕೋಶ ತಿರುವಿದ್ದೀರಿ, ಆದರೆ ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಹೋಗಿಲ್ಲ.

2023ರ ಫೆಬ್ರುವರಿಯಲ್ಲಿ ದೇಶವೆಲ್ಲ ಮಾತಾಡಿದ ಉಳ್ಳಾಗಡ್ಡಿ ಮಾರಾಟದ ಪಟ್ಟಿ ನೆನಪಿದೆಯೇ? ಬಾರ್ಶಿ ತಾಲೂಕಿನ ರೈತರೊಬ್ಬರು ಸುಮಾರು 70 ಕಿಲೋಮೀಟರ್ ದೂರದಿಂದ 512 ಕಿಲೋ ಉಳ್ಳಾಗಡ್ಡಿಯನ್ನು ಆ ಯಾರ್ಡಿಗೆ ತಂದರು. ಕಿಲೋಗೆ ಒಂದು ರೂಪಾಯಿ ಧಾರಣೆ ಸಿಕ್ಕಿತು. ಗಾಡಿ ಬಾಡಿಗೆ, ಹಮಾಲಿ, ತೋಲಾಯಿ (ತೂಕದ ಖರ್ಚು) ಎಂದು 509 ರೂಪಾಯಿಗೂ ಮೇಲೆ ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ. ಕೈಗೆ ಬಂದದ್ದು 2 ರೂಪಾಯಿಯ ಚೆಕ್, ಅದೂ ಮುಂದಿನ ತಾರೀಖಿನದು. ಅನ್ಯಾಯ ಎಂದು ಎಲ್ಲರೂ ಕೂಗಿದರು, ನಾನೂ ಕೂಗಿದೆ. ಆದರೆ ಅನ್ಯಾಯ ಎಂದು ಗೊತ್ತಾದದ್ದು ಹೇಗೆ? ಪಟ್ಟಿಯಲ್ಲಿ ಪ್ರತಿಯೊಂದು ಕಡಿತವೂ ಅದರದರ ಹೆಸರಿನಲ್ಲಿ ನಿಂತಿತ್ತು. ಹಮಾಲಿ ಎಂದರೆ ಯಾರ ಕೈಗೆ ಹೋಯಿತು, ತೋಲಾಯಿ ಎಂದರೆ ಯಾರ ಕೈಗೆ ಎಂಬುದು ಆ ರೈತನಿಗೆ ತಿಳಿದಿತ್ತು. ಫೋಟೊ ತೆಗೆದು ಊರಿಗೆ ತೋರಿಸಬಹುದಾಗಿತ್ತು.

ಬಿಟ್‌ಕಾಯಿನ್‌ನ ಸಾಗಣೆ ಖರ್ಚೂ ಆ ಉಳ್ಳಾಗಡ್ಡಿಯ ಹಾಗೆಯೇ. ಹಮಾಲನು ಚೀಲ ಎಣಿಸುತ್ತಾನೆ, ಒಳಗಿನ ಮಾಲಿನ ಬೆಲೆ ಕೇಳುವುದಿಲ್ಲ. ಬಿಟ್‌ಕಾಯಿನ್ ಜಾಲವೂ ವಹಿವಾಟಿನ ಬರಹ ಎಷ್ಟು ಉದ್ದ ಎಂಬುದನ್ನು ನೋಡುತ್ತದೆ, ಮೊತ್ತ ಎಷ್ಟೆಂದು ನೋಡುವುದಿಲ್ಲ. ಐನೂರು ರೂಪಾಯಿ ಕಳಿಸಿದರೂ ಐದು ಲಕ್ಷ ಕಳಿಸಿದರೂ ಖರ್ಚು ಹೆಚ್ಚುಕಡಿಮೆ ಒಂದೇ ಆಗಬಹುದು. ನೂಕುನುಗ್ಗಲಿದ್ದ ದಿನ ದರ ಏರುತ್ತದೆ. 2024ರ ಏಪ್ರಿಲ್ 20ರಂದು ಸರಾಸರಿ ಖರ್ಚು 100 ಡಾಲರ್ ದಾಟಿತ್ತು. ಕೊನೆಗೆ ಉಳಿದ ಚಿಲ್ಲರೆ ಸಾಗಣೆ ಖರ್ಚಿಗೂ ಸಾಲದಷ್ಟು ಸಣ್ಣದಾದರೆ ಅದಕ್ಕೆ ಅವರು ಧೂಳು ಎನ್ನುತ್ತಾರೆ. ಈ ಹೆಸರು ಮಾತ್ರ ನನಗೆ ಒಪ್ಪಿಗೆ.

ಆದ್ದರಿಂದ ಕಳಿಸುವ ಮೊದಲಿನ ಪರದೆಯನ್ನು ಆ ಮಾರಾಟದ ಪಟ್ಟಿಯ ಹಾಗೆ ಕಟ್ಟಿ. ಮೇಲೆ ಒಟ್ಟು ಮೊತ್ತ. ಕೆಳಗೆ ‘ಜಾಲದ ಸಾಗಣೆ ಖರ್ಚು’, ಅದರ ಪಕ್ಕದಲ್ಲಿ ‘ಇದು ನಮಗೆ ಬರುವುದಿಲ್ಲ’. ಅದರ ಕೆಳಗೆ ‘ನಮ್ಮ ಕಮಿಷನ್’. ಇಲ್ಲಿ ನಾಚಿಕೊಳ್ಳಬೇಡಿ, ‘ಸೇವಾ ಶುಲ್ಕ’, ‘ಸೌಕರ್ಯ ಶುಲ್ಕ’ ಎಂದೆಲ್ಲ ಹೊದಿಕೆ ಹೊದಿಸಬೇಡಿ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ನೀವು ಇಟ್ಟುಕೊಳ್ಳುವ ಅಂತರವನ್ನೂ ರೂಪಾಯಿಯಲ್ಲಿ ಬರೆಯಿರಿ, ಅದು ಕಮಿಷನ್ನೇ. ಆಮೇಲೆ, ಮಾರುವುದಾದರೆ, ಸರಕಾರದ 1 ಪ್ರತಿಶತ ಟಿಡಿಎಸ್. ಅದು ಲಾಭದ ಮೇಲೆ ಅಲ್ಲ, ಮಾರಿದ ಮೊತ್ತದ ಮೇಲೆ ಎಂಬುದನ್ನು ಸಾಲಿನಲ್ಲೇ ಹೇಳಿ. ಲಾಭಕ್ಕೆ ಬೇರೆ 30 ಪ್ರತಿಶತ ತೆರಿಗೆ ಇದೆ, ಒಂದರಲ್ಲಿ ಕಳಕೊಂಡದ್ದನ್ನು ಇನ್ನೊಂದರ ಗಳಿಕೆಯಲ್ಲಿ ಕಳೆಯಲು ಬರುವುದಿಲ್ಲ ಎಂಬುದನ್ನೂ ಕೊಳ್ಳುವ ಮೊದಲೇ ಹೇಳಿ. ಕೊನೆಯ ಸಾಲು: ‘ಅವರ ಕೈಗೆ ಮುಟ್ಟುವುದು’. ಎಥೀರಿಯಮ್‌ನಲ್ಲಿ ಇನ್ನೊಂದು ಸಾಲು ಬೇಕು, ‘ಕೆಲಸ ಆಗದೆ ಹೋದರೂ ಸಾಗಣೆ ಖರ್ಚು ಮರಳದು’. ಯಾರ್ಡಿನ ಹಮಾಲ ಕೂಡ ಚೀಲ ಇಳಿಸದೆ ಹಮಾಲಿ ಕೇಳುವುದಿಲ್ಲ, ಹಾಗಾಗಿ ಇದನ್ನು ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಕೆಲವು ಗುಂಡಿಗಳಿಗೆ ಒಳ್ಳೆಯ ಪದವೇ ಇಲ್ಲ. ಹುಡುಕುವುದೂ ಬೇಡ, ಗುಂಡಿಯನ್ನೇ ತೆಗೆಯಿರಿ. ಯುಪಿಐಯಲ್ಲಿ ‘ಕಲೆಕ್ಟ್ ರಿಕ್ವೆಸ್ಟ್’ ಎಂದು ಇತ್ತು. ನಿಮ್ಮಿಂದ ರೊಕ್ಕ ಬೇಕು ಎಂದು ಯಾರೋ ಕೇಳುವುದು, ನೀವು ಪಿನ್ ಒತ್ತಿದರೆ ಅವರಿಗೆ ಹೋಗುವುದು. ‘ನಿಮಗೆ ರೊಕ್ಕ ಬಂದೈತಿ, ಪಿನ್ ಒತ್ತಿ ತಗೋರಿ’ ಎಂದು ಫೋನ್ ಮಾಡಿ ಅದೇ ಗುಂಡಿಯಿಂದ ದೋಚಿದರು. ರೊಕ್ಕ ತೆಗೆದುಕೊಳ್ಳಲು ಪಿನ್ ಬೇಕಿಲ್ಲ ಎಂದು ವರ್ಷಗಟ್ಟಲೆ ಪ್ರಚಾರ ನಡೆಯಿತು, 2,000 ರೂಪಾಯಿಯ ಮಿತಿ ಬಂತು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿ ವ್ಯಕ್ತಿಗಳ ನಡುವೆ ಆ ಸೌಲಭ್ಯವನ್ನೇ ಬಂದ್ ಮಾಡಿದರು.

ನಿಮ್ಮ ಆ್ಯಪಿನ ‘ಅಪ್ರೂವ್’ ಗುಂಡಿ ಅಂಥದು. ‘ಅನುಮೋದಿಸಿ’ ಎಂದು ಅನುವಾದ ಮಾಡಿದ್ದೀರಿ. ಗ್ರಾಮ ಪಂಚಾಯತಿಯ ಠರಾವಿನ ಹಾಗೆ ಕೇಳುತ್ತದೆ, ಕೈ ಎತ್ತಿದರೆ ಮುಗಿಯಿತು ಎನಿಸುತ್ತದೆ. ನಿಜದಲ್ಲಿ ಅದು ಇನ್ನೊಂದು ಪ್ರೋಗ್ರಾಮಿಗೆ ನಿಮ್ಮ ಟೋಕನ್ ತೆಗೆಯುವ ಅಧಿಕಾರ ಬರೆದುಕೊಡುವುದು, ಎಷ್ಟೋ ಸಲ ಮಿತಿಯೇ ಇಲ್ಲದ ಅಧಿಕಾರ. ಅಕ್ಕಲಕೋಟೆಯ ರಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಯಾರನ್ನೇ ಕೇಳಿ, ಇದಕ್ಕೆ ಮುಖತ್ಯಾರ ಪತ್ರ ಎನ್ನುತ್ತಾರೆ. ಹೊಲದ ಮುಖತ್ಯಾರ ಪತ್ರಕ್ಕೆ ಸಹಿ ಮಾಡುವ ಮೊದಲು ನಮ್ಮ ಮಂದಿ ಮೂರು ಸಲ ಓದಿಸಿ ಕೇಳುತ್ತಾರೆ. ಗುಂಡಿ ಇರಲೇಬೇಕಾದರೆ ‘ಇಷ್ಟು ಮೊತ್ತ ತೆಗೆಯಲು ಇವರಿಗೆ ಅಧಿಕಾರ ಕೊಡಿ’ ಎಂದು ಮೊತ್ತ ಹಾಕಿ ಬರೆಯಿರಿ. ಮಿತಿ ಇಲ್ಲದ್ದನ್ನು ಮಾತ್ರ ತೆಗೆದುಬಿಡಿ. ನಿಮ್ಮ ಮೇಲಧಿಕಾರಿಗಳು ಒಪ್ಪುವುದಿಲ್ಲ ಎಂದು ಗೊತ್ತು. ಪದ ಬರೆಯುವವರಿಗೆ ಗುಂಡಿ ತೆಗೆಯುವ ಅಧಿಕಾರ ಇಲ್ಲ ಎಂಬುದೇ ಈ ಧಂದೆಯ ರೋಗ.

ದಶಾಂಶದ ಬಗ್ಗೆ ಚಿಕ್ಕ ಮಾತು. ಸೊನ್ನೆ ಚುಕ್ಕೆ ಸೊನ್ನೆ ಸೊನ್ನೆ ಸೊನ್ನೆ ಐದು ಎರಡು ಎಂದು ಓದಿ ಹೇಳಿದರೆ ಕೇಳುವವನಿಗೆ ಎಷ್ಟೆಂದು ತಿಳಿಯುವುದಿಲ್ಲ, ಒಂದು ಸೊನ್ನೆ ತಪ್ಪಿದರೆ ಹತ್ತುಪಟ್ಟು. ಒಂದು ಬಿಟ್‌ಕಾಯಿನ್‌ನಲ್ಲಿ 10 ಕೋಟಿ ಸತೋಶಿ; 0.00052 ಎನ್ನುವ ಬದಲು 52,000 ಸತೋಶಿ ಎನ್ನಿ, ಅದರ ಮೇಲೆ ರೂಪಾಯಿಯ ಮೊತ್ತ ದೊಡ್ಡದಾಗಿರಲಿ. ಹೊಸ ಎಣಿಕೆ ಬಂದಾಗ ಹೆಸರಿನಿಂದಲೇ ಎಚ್ಚರಿಸುವುದು ಸರಕಾರಕ್ಕೂ ಗೊತ್ತಿತ್ತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನೂರು ಪೈಸೆಯ ರೂಪಾಯಿ ಬಂದಾಗ, ಹಳೆಯ 64 ಪೈಸೆಯ ಲೆಕ್ಕದೊಂದಿಗೆ ಕಲಸಬಾರದೆಂದು ಟಂಕಸಾಲೆಯವರು ಅದನ್ನು ‘ನಯಾ ಪೈಸೆ’ ಎಂದು ಮುದ್ರಿಸಿದರು. ಮಂದಿಗೆ ರೂಢಿಯಾದ ಮೇಲೆ, 1964ರಲ್ಲಿ, ನಯಾ ಬಿಟ್ಟರು. ನಿಮ್ಮ ಪದಗಳಿಗೂ ಅಷ್ಟು ವಾಯಿದೆ ಇರಲಿ. ಇವತ್ತು ಉದ್ದಕ್ಕೆ ಬರೆದದ್ದನ್ನು ಏಳು ವರ್ಷ ಬಿಟ್ಟು ಗಿಡ್ಡ ಮಾಡಿಕೊಳ್ಳಿ, ಬೇಡವೆಂದವರಾರು?

ಕಂಪ್ಯೂಟರ್ ಓಡಿಸಿ ಹೊಸ ಕ್ರಿಪ್ಟೊ ಗಳಿಸುವ ‘ಮೈನಿಂಗ್’ ಅನ್ನು ‘ಗಣಿಗಾರಿಕೆ’ ಎಂದು ಮಾಡಿದ್ದೀರಿ. ಕೊಳ್ಳುವವರ ಪರದೆಯಲ್ಲಿ ಆ ಮಾತೇ ಬೇಕಿಲ್ಲ. ಎಥೀರಿಯಮ್‌ನಲ್ಲಂತೂ 2022ರ ಸೆಪ್ಟೆಂಬರ್‌ನಿಂದ ಅದು ಇಲ್ಲವೇ ಇಲ್ಲ. ಗೇನ್‌ಬಿಟ್‌ಕಾಯಿನ್ ಎಂಬ ಪ್ರಕರಣದಲ್ಲಿ ಇದೇ ಮೈನಿಂಗ್ ಹೆಸರು ಹೇಳಿ ತಿಂಗಳಿಗೆ 10 ಪ್ರತಿಶತ, ಹದಿನೆಂಟು ತಿಂಗಳು ಕೊಡುತ್ತೇವೆಂದು ರೊಕ್ಕ ಎತ್ತಿದ್ದರು, ಅದನ್ನು ನಡೆಸಿದವರನ್ನು ಪುಣೆ ಪೊಲೀಸರು 2018ರಲ್ಲಿ ಹಿಡಿದರು. ಮಹಾರಾಷ್ಟ್ರದಲ್ಲಿ ಆ ಮಾತಿಗೆ ಹತ್ತಿದ ಕಲೆ ಇನ್ನೂ ಹೋಗಿಲ್ಲ.

ನನಗೆ ಪದ ಸಿಗದೆ ಉಳಿದದ್ದು ‘ಸ್ಟೇಕಿಂಗ್’. ನೀವು ‘ಪಣಕ್ಕಿಡಿ’ ಎಂದಿದ್ದೀರಿ, ಅದು ಜೂಜು, ಪಾಂಡವರ ನೆನಪಾಗುತ್ತದೆ. ‘ಒತ್ತೆ ಇಡಿ’ ಎನ್ನೋಣವೆಂದರೆ ಒತ್ತೆಗೆ ಸಾಲ ಸಿಗಬೇಕು, ಇಲ್ಲಿ ಸಿಗುವುದಿಲ್ಲ. ‘ಬಡ್ಡಿಗೆ ಇಡಿ’ ಎಂದರೆ ಮತ್ತೆ ಠೇವಣಿಯ ಮನೆಗೇ ಹೋಗುತ್ತೇವೆ. ಸ್ಟೇಕಿಂಗ್ ಎಂದರೆ ಟೋಕನ್ ಕಟ್ಟಿಹಾಕಿ ಜಾಲದ ಕಾವಲಿಗೆ ಬಿಡುವುದು, ಕಾವಲು ತಪ್ಪಿದರೆ ದಂಡ, ಸರಿಯಾಗಿ ಮಾಡಿದರೆ ಸ್ವಲ್ಪ ಆದಾಯ, ಬೇಕೆಂದ ದಿನ ಬಿಡಿಸಿಕೊಳ್ಳಲು ಬರದಿರಬಹುದು. ‘ಜಾಮೀನಿಗೆ ನಿಲ್ಲಿಸಿ’ ಎಂಬುದು ಹತ್ತಿರ ಬರುತ್ತದೆ. ಜಾಮೀನು ನಿಂತು ಕೆಟ್ಟವರ ಕತೆ ಪ್ರತಿ ಹಳ್ಳಿಯಲ್ಲೂ ಇರುವುದರಿಂದ ಎಚ್ಚರಿಕೆ ತಾನಾಗಿಯೇ ಬರುತ್ತದೆ. ಆದರೆ ಕೋರ್ಟಿನ ವಾಸನೆ ಜಾಸ್ತಿ. ಬಚತ್ ಗಟದ (ಸ್ವಸಹಾಯ ಸಂಘದ) ಹೆಣ್ಣುಮಕ್ಕಳ ಮುಂದೆ ಸ್ಟೇಕಿಂಗಿನ ಈ ವಿವರಣೆಯನ್ನು ಓದಿ, ಇದಕ್ಕೆ ಏನಂತೀರಿ ಎಂದು ಕೇಳಿ ನೋಡಿ. ಅವರು ಹೇಳಿದ್ದನ್ನು ನನಗೂ ತಿಳಿಸಿ. ತಿದ್ದಿದ ಪಟ್ಟಿ ಕಳಿಸುವಾಗ ಅಕ್ಷರ ಸ್ವಲ್ಪ ದಪ್ಪ ಇರಲಿ, ನನ್ನ ಕನ್ನಡಕದ ನಂಬರ್ ಏರಿದೆ.

ನಿಮ್ಮ,
ಅಕ್ಕಲಕೋಟೆಯ ಕಾಕಾ